ಚಿತ್ರಶಾಲೆಯ ನೇಪಥ್ಯ

೧

ಸಂಸ್ಕೃತ ನಾಟಕಗಳನ್ನು ಓದಿದವರಿಗೆ ‘ನೇಪಥ್ಯೇ’ ಎಂಬ ರಂಗಸೂಚನೆ ಸುಪರಿಚಿತವಾದುದು. ತೆರೆಯ ಹಿಂದಿನಿಂದ ಧ್ವನಿ ಕೇಳಿಬರುವುದು, ಆಡಿದವರು ಕಾಣಿಸರು. ಚಿತ್ರಶಾಲೆಗಳಿಗೂ ಇಂತಹ ಒಂದು ನೇಪಥ್ಯವುಂಟು. ಆದರೆ ಅಲ್ಲಿಂದ ಧ್ವನಿ ಕೂಡ ಹೊರಗೆ ಬರುವುದು ಅಪೂರ್ವ. ಪ್ರೇಕ್ಷಕನು ಗೋಡೆಯ ಮೇಲಿರುವ ಚಿತ್ರವನ್ನು ನೋಡಿ, ಅದರ ಕೆಳಗಿರುವ ಫಲಕವನ್ನು ಓದಿ, ಮುಂದಕ್ಕೆ ನಡೆಯುತ್ತಾನೆ. ಆ ಚಿತ್ರವು ಅಲ್ಲಿಗೆ ಬಂದ ಬಗೆ, ಅದರ ಕರ್ತೃವನ್ನು ನಿರ್ಣಯಿಸಿದವರು, ಅದರ ಮೇಲಣ ಕೊಳೆಯನ್ನು ತೆಗೆದವರು, ಆ ಕೋಣೆಯ ಗಾಳಿಯ ತೇವವನ್ನು ದಿನವೂ ಅಳೆಯುವವರು, ಇವು ಯಾವುವೂ ಅವನ ಗಮನಕ್ಕೆ ಬರುವುದಿಲ್ಲ. ಗಮನಕ್ಕೆ ಬಾರದಿರುವುದೇ ಆ ಕೆಲಸದ ಯಶಸ್ಸೆಂದು ಹೇಳುವವರೂ ಉಂಟು.

ಲಂಡನ್ ನಗರದ ರಾಷ್ಟ್ರೀಯ ಚಿತ್ರಶಾಲೆಯ ಇತಿಹಾಸದಲ್ಲಿ ಈ ತೆರೆ ಕೆಲವು ಸಲ ತಾನಾಗಿ ಸರಿದುದುಂಟು. ಚಿತ್ರಗಳನ್ನು ತೊಳೆದ ವಿಚಾರದಲ್ಲಿ ಎದ್ದ ವಿವಾದಗಳು ಒಂದು ಕಾರಣ. ಎರಡನೆಯ ಮಹಾಯುದ್ಧದಲ್ಲಿ ಚಿತ್ರಶಾಲೆಯೇ ಬರಿದಾದುದು ಇನ್ನೊಂದು. ಈ ಸಂದರ್ಭಗಳನ್ನು ಕ್ರಮವಾಗಿ ಪರಿಶೀಲಿಸಿ, ಅವುಗಳಿಂದ ಎರಡು ನಿರ್ಣಯಗಳು ಸಿದ್ಧವಾಗುತ್ತವೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಒಂದನೆಯದು: ಚಿತ್ರದ ಆಯುಸ್ಸು ಹೆಚ್ಚಾಗಿ ಅವಲಂಬಿಸಿರುವುದು ಯಾರೂ ಕಾಣದ ನಿತ್ಯ ಪರಿಚರ್ಯೆಯನ್ನು. ಎರಡನೆಯದು: ಆ ಪರಿಚರ್ಯೆಯು ಗುಟ್ಟಾಗಿದ್ದಷ್ಟು ಕಾಲವೂ ಜನರ ಸಂಶಯಕ್ಕೆ ಪಾತ್ರವಾಗಿದ್ದಿತು, ದಾಖಲೆಗಳನ್ನು ಜನರ ಮುಂದಿಟ್ಟ ಮೇಲೆಯೇ ಅದಕ್ಕೆ ನಿಜವಾದ ಅಧಿಕಾರ ಬಂದಿತು. ಗ್ರಂಥಸಂಪಾದನೆಯಲ್ಲಿ ತೊಡಗಿರುವ ನಮ್ಮ ವಿದ್ವಾಂಸರಿಗೆ ಈ ಎರಡನೆಯ ಅಂಶವು ವಿಶೇಷವಾಗಿ ವಿಚಾರಾರ್ಹವೆಂದು ತೋರುತ್ತದೆ.

೨

ಯೂರೋಪಿನ ಅನೇಕ ಚಿತ್ರಶಾಲೆಗಳು ರಾಜರ ಭಂಡಾರಗಳಿಂದ ಹುಟ್ಟಿದುವು. ಲಂಡನ್ನಿನ ಚಿತ್ರಶಾಲೆಯ ಉತ್ಪತ್ತಿ ಬೇರೆ ಬಗೆಯದು. ಜಾನ್ ಜೂಲಿಯಸ್ ಆಂಗರ್‌ಸ್ಟೀನ್ ಎಂಬ ಧನಿಕನು ತೀರಿಕೊಂಡ ಬಳಿಕ, ಅವನ ಸಂಗ್ರಹದಲ್ಲಿದ್ದ ೩೮ ಚಿತ್ರಗಳನ್ನು ಬ್ರಿಟಿಷ್ ಸರ್ಕಾರವು ೧೮೨೪ರಲ್ಲಿ ೫೭,೦೦೦ ಪೌಂಡುಗಳಿಗೆ ಕೊಂಡುಕೊಂಡಿತು. ಪ್ರತ್ಯೇಕ ಕಟ್ಟಡವಿಲ್ಲದುದರಿಂದ, ಪಾಲ್‌ಮಾಲ್ ಬೀದಿಯಲ್ಲಿದ್ದ ಆತನ ಮನೆಯಲ್ಲಿಯೇ ಅವುಗಳನ್ನು ಜನರ ದರ್ಶನಕ್ಕೆ ಇಟ್ಟರು. ವಿಲಿಯಂ ವಿಲ್ಕಿನ್ಸ್ ಎಂಬ ಶಿಲ್ಪಿಯು ಟ್ರಫಾಲ್ಗರ್ ಚೌಕದಲ್ಲಿ ನಿರ್ಮಿಸಿದ ಈಗಿನ ಕಟ್ಟಡವು ೧೮೩೮ರಲ್ಲಿ ತೆರೆಯಲ್ಪಟ್ಟಿತು. ಆ ಮೂಲ ಸಂಗ್ರಹದಲ್ಲಿದ್ದ ಸೆಬಾಸ್ಟಿಯಾನೋ ದೆಲ್ ಪ್ಯೋಂಬೋವಿನ ‘ಲಾಜರಸನ ಪುನರುತ್ಥಾನ’ವೆಂಬ ದೊಡ್ಡ ಚಿತ್ರವು ಇಂದಿಗೂ ಚಿತ್ರಶಾಲೆಯ ಪಟ್ಟಿಯಲ್ಲಿ ಒಂದನೆಯ ಸಂಖ್ಯೆಯನ್ನು ಹೊತ್ತಿದೆ. ಈ ಸಂಖ್ಯೆಗಳು ಗುಣಸೂಚಕಗಳಲ್ಲ, ಕಾಲಸೂಚಕಗಳೂ ಅಲ್ಲ. ಗ್ರಂಥಭಂಡಾರದಲ್ಲಿ ಓಲೆಕಟ್ಟಿಗೆ ಕೊಡುವ ಕ್ರಮಸಂಖ್ಯೆಯಂತೆ ವಸ್ತುವಿಗೂ ಅದರ ಚರಿತ್ರೆಗೂ ಸಂಬಂಧ ಕಲ್ಪಿಸುವ ಗುರುತುಗಳು. ಗೋಡೆಯ ಮೇಲೆ ಚಿತ್ರದ ಸ್ಥಾನವು ಬದಲಾಗಬಹುದು, ಅದನ್ನು ಬರೆದವನ ಹೆಸರೂ ಸಂಶೋಧನೆಯಿಂದ ಬದಲಾಗಬಹುದು. ಸಂಖ್ಯೆ ಮಾತ್ರ ಬದಲಾಗದು. ನೇಪಥ್ಯದ ವ್ಯವಸ್ಥೆಯೆಲ್ಲವೂ ಈ ಸಣ್ಣ ಗುರುತಿನಿಂದ ಆರಂಭವಾಗುತ್ತದೆ.

ಪ್ರಾರಂಭದ ವರ್ಷಗಳಲ್ಲಿ ಈ ವ್ಯವಸ್ಥೆ ಬಹಳ ಅಲ್ಪವಾಗಿದ್ದಿತು. ಮೊದಲನೆಯ ಪಾಲಕರಾಗಿದ್ದ ವಿಲಿಯಂ ಸೆಗ್ಯೇ ಎಂಬವರು ೧೮೪೩ರಲ್ಲಿ ತೀರಿಕೊಳ್ಳುವವರೆಗೂ ಆ ಪದವಿಯಲ್ಲಿದ್ದರು. ಮರದ ಅಂಟಿನಿಂದ ಮಾಡಿದ ಸಾಮಾನ್ಯ ವಾರ್ನಿಷು ಲಂಡನ್ನಿನ ತೇವದ ಹವೆಯಲ್ಲಿ ಮಸಕಾಗುತ್ತಿದ್ದುದರಿಂದ, ಅದರೊಡನೆ ಒಣಗುವ ಎಣ್ಣೆಯನ್ನು ಬೆರಸಿ ಲೇಪಿಸುವ ಪದ್ಧತಿ ಅವರ ಕಾಲದಲ್ಲಿ ಬಳಕೆಯಲ್ಲಿದ್ದಿತು. ಆಗಿನ ಮಟ್ಟಿಗೆ ಇದು ಒಳ್ಳೆಯ ಉಪಾಯವೇ. ಆದರೆ ಎಣ್ಣೆ ಬೆರೆತ ಲೇಪನವು ವರ್ಷಗಳು ಕಳೆದಂತೆ ಹಳದಿಯಾಗಿ, ಬಳಿಕ ಕಂದುಬಣ್ಣಕ್ಕೆ ತಿರುಗುವುದು. ಅದಕ್ಕೆ ನಗರದ ಕಲ್ಲಿದ್ದಲಿನ ಮಸಿಯೂ ಅಂಟಿಕೊಳ್ಳುವುದು. ಹೀಗೆ ಒಂದು ತಲೆಮಾರಿನ ಜನರು ಪ್ರಾಚೀನ ಚಿತ್ರಕಾರರನ್ನು ಕಂದುಬಣ್ಣದ ತೆರೆಯ ಮೂಲಕವೇ ನೋಡಿ, ಆ ಕಂದುಬಣ್ಣವನ್ನೇ ಪ್ರಾಚೀನತೆಯ ಲಕ್ಷಣವೆಂದು ಭಾವಿಸಿದರು. ಪ್ರಕ್ಷಿಪ್ತ ಪದ್ಯವನ್ನು ಬಾಲ್ಯದಿಂದ ಕಂಠಪಾಠ ಮಾಡಿದವನಿಗೆ ಅದೇ ಕವಿಯ ಹೃದಯವೆಂದು ತೋರುವುದಿಲ್ಲವೆ? ಇದೂ ಹಾಗೆಯೇ.

ಸೆಗ್ಯೇ ಅವರ ಬಳಿಕ ಪಾಲಕರಾದ ಚಾರ್ಲ್ಸ್ ಈಸ್ಟ್‌ಲೇಕ್ ಎಂಬವರು ಸ್ವತಃ ಚಿತ್ರಕಾರರು. ಪ್ರಾಚೀನರು ಬಣ್ಣಗಳನ್ನು ಸಿದ್ಧಪಡಿಸುತ್ತಿದ್ದ ಕ್ರಮವನ್ನು ಗ್ರಂಥಗಳಿಂದ ಶೋಧಿಸಿದ ವಿದ್ವಾಂಸರು. ಅವರ ಕಾಲದಲ್ಲಿ ರೂಬೆನ್ಸನ ‘ಶಾಂತಿ ಮತ್ತು ಯುದ್ಧ’ವೇ ಮೊದಲಾದ ಕೆಲವು ಚಿತ್ರಗಳನ್ನು ತೊಳೆಯಿಸಿದರು. ೧೮೪೬ರಲ್ಲಿ ‘ಟೈಮ್ಸ್’ ಪತ್ರಿಕೆಯಲ್ಲಿ ಉಗ್ರವಾದ ಆಕ್ಷೇಪಣೆಗಳು ಪ್ರಕಟವಾದುವು. ‘ವೆರಾಕ್ಸ್’, ಎಂದರೆ ‘ಸತ್ಯವಾದಿ’, ಎಂಬ ಗುಪ್ತನಾಮದಿಂದ ಬರೆದ ಮಾರಿಸ್ ಮೂರ್ ಎಂಬವರು ಚಿತ್ರಗಳು ನಾಶವಾದುವೆಂದೇ ಸಾಧಿಸಿದರು. ಈಸ್ಟ್‌ಲೇಕ್ ಅವರು ೧೮೪೭ರಲ್ಲಿ ಪಾಲಕ ಪದವಿಯನ್ನು ಬಿಟ್ಟರು. ೧೮೫೨ರಲ್ಲಿ ಮತ್ತೆ ಕೆಲವು ಚಿತ್ರಗಳನ್ನು ತೊಳೆದಾಗ ಅದೇ ಕೋಲಾಹಲ ಪುನಃ ಎದ್ದಿತು. ೧೮೫೩ರಲ್ಲಿ ಪಾರ್ಲಿಮೆಂಟಿನ ವಿಚಾರಣಾ ಸಮಿತಿಯೊಂದು ನೇಮಕವಾಯಿತು.

ಇಲ್ಲಿ ಗಮನಿಸಬೇಕಾದುದೇನೆಂದರೆ, ಚಿತ್ರಗಳು ಕೆಟ್ಟುವೊ ಇಲ್ಲವೊ ಎಂಬುದನ್ನು ನಿರ್ಣಯಿಸಲು ಯಾವ ಪಕ್ಷದ ಬಳಿಯಲ್ಲಿಯೂ ಸಾಕಷ್ಟು ಸಾಧನವಿರಲಿಲ್ಲ. ತೊಳೆಯುವುದಕ್ಕೆ ಮುಂಚೆ ಚಿತ್ರದ ಸ್ಥಿತಿ ಹೇಗಿದ್ದಿತು, ಯಾವ ದ್ರಾವಣವನ್ನು ಬಳಸಿದರು, ಎಲ್ಲಿ ನಿಲ್ಲಿಸಿದರು ಎಂಬುದಕ್ಕೆ ಅಂದಿನ ದಾಖಲೆಗಳು ಏನೇನೂ ಸಾಲವು. ಆದುದರಿಂದ ಒಬ್ಬರ ಕಣ್ಣಿಗೆ ಇನ್ನೊಬ್ಬರ ಕಣ್ಣೇ ಎದುರುಸಾಕ್ಷಿಯಾಯಿತು. ಸಮಿತಿಯ ಶಿಫಾರಸುಗಳ ಫಲವಾಗಿ ೧೮೫೫ರಲ್ಲಿ ಚಿತ್ರಶಾಲೆಯ ಆಡಳಿತವು ಪುನರ್ರಚಿತವಾಯಿತು. ಹಿಂದೆ ಟೀಕೆಗೆ ಗುರಿಯಾಗಿದ್ದ ಈಸ್ಟ್‌ಲೇಕ್ ಅವರೇ ಮೊದಲನೆಯ ನಿರ್ದೇಶಕರಾದರು. ಚಿತ್ರಗಳನ್ನು ಕೊಳ್ಳುವುದಕ್ಕಾಗಿ ಸರ್ಕಾರದಿಂದ ವರ್ಷಕ್ಕೆ ೧೦,೦೦೦ ಪೌಂಡುಗಳ ಅನುದಾನ, ಇಟಲಿಯೇ ಮೊದಲಾದ ದೇಶಗಳಲ್ಲಿ ಸಂಚರಿಸಿ ಚಿತ್ರಗಳನ್ನು ಗುರುತಿಸುವ ಒಬ್ಬ ಪ್ರತಿನಿಧಿ, ಪಾರ್ಲಿಮೆಂಟಿಗೆ ಒಪ್ಪಿಸಬೇಕಾದ ವಾರ್ಷಿಕ ವರದಿ, ಇವು ಆಗಿನಿಂದ ಬಂದುವು. ನೇಪಥ್ಯಕ್ಕೆ ಮೊದಲನೆಯ ಸಲ ಲೆಕ್ಕಪುಸ್ತಕವೊಂದು ಒದಗಿತೆಂದು ಹೇಳಬಹುದು.

೩

ಅದೇ ದಶಕದಲ್ಲಿ ಇದಕ್ಕಿಂತಲೂ ಗಹನವಾದ ಪ್ರಶ್ನೆಯೊಂದು ತಲೆದೋರಿತು. ಟ್ರಫಾಲ್ಗರ್ ಚೌಕದ ಸುತ್ತಲೂ ಹೊಗೆಗೊಳವೆಗಳು, ಒಳಗೆ ಜನಸಂದಣಿ. ಪ್ರವೇಶಕ್ಕೆ ಹಣವಿಲ್ಲದುದರಿಂದ ಮಳೆ ಬಂದಾಗ ಆಶ್ರಯಕ್ಕೆ ನುಗ್ಗುವವರೂ, ಬುತ್ತಿ ಬಿಚ್ಚಿ ಉಣ್ಣುವವರೂ ಇದ್ದರೆಂದು ೧೮೫೦ರ ವಿಚಾರಣೆಯಲ್ಲಿ ಹೇಳಿಕೆಗಳುಂಟು. ಚಿತ್ರಗಳಿಗೆ ಗಾಜಿನ ರಕ್ಷಣೆ ಕೊಡುವ ವಿಚಾರವಾಗಿ ಆ ವರ್ಷ ವರದಿಮಾಡಿದವರಲ್ಲಿ ಸುಪ್ರಸಿದ್ಧ ವಿಜ್ಞಾನಿ ಮೈಕೇಲ್ ಫ್ಯಾರಡೆ ಅವರೂ ಒಬ್ಬರು. ವಿದ್ಯುಚ್ಛಕ್ತಿಯ ತತ್ತ್ವಗಳನ್ನು ಕಂಡುಹಿಡಿದ ಮಹಾಪುರುಷನು ಚಿತ್ರಗಳ ಮೇಲಣ ಧೂಳಿನ ಬಗೆಗೆ ಯೋಚಿಸಿದುದು, ಈ ಕ್ಷೇತ್ರದಲ್ಲಿ ರಸಾಯನಶಾಸ್ತ್ರಕ್ಕೂ ಕಲೆಗೂ ಆದ ಮೊದಲ ಭೇಟಿಗಳಲ್ಲೊಂದು.

ಚಿತ್ರಗಳನ್ನು ನಗರದ ಹೊರಕ್ಕೆ, ನಿರ್ಮಲವಾದ ಹವೆಯಿದ್ದ ಕೆನ್ಸಿಂಗ್ಟನ್ ಪ್ರದೇಶಕ್ಕೆ, ಒಯ್ಯಬೇಕೆಂದು ಅನೇಕರು ವಾದಿಸಿದರು. ಕೇವಲ ರಕ್ಷಣೆಯ ದೃಷ್ಟಿಯಿಂದ ಈ ವಾದಕ್ಕೆ ಉತ್ತರವಿಲ್ಲ. ಆದರೆ ೧೮೫೭ರ ಆಯೋಗದ ಕಾಲದಲ್ಲಿ ನ್ಯಾಯಮೂರ್ತಿ ಕೋಲ್‌ರಿಜ್ ಅವರು ಬೇರೊಂದು ತತ್ತ್ವವನ್ನು ಮುಂದಿಟ್ಟರು. ಚಿತ್ರಗಳು ಸುರಕ್ಷಿತವಾಗಿರುವುದು ಸಂಗ್ರಹದ ಗುರಿಯಲ್ಲ, ಸಾಧನ ಮಾತ್ರ. ಜನರಿಗೆ ಉದಾತ್ತವಾದ ಆನಂದವನ್ನು ಕೊಡುವುದೇ ಗುರಿ. ಜನರು ಬರಲಾರದ ಎಡೆಯಲ್ಲಿ ಚಿತ್ರವು ಸಾವಿರ ವರ್ಷ ಬಾಳಿದರೂ ಪ್ರಯೋಜನವೇನು, ಎಂಬುದು ಅವರ ಅಭಿಪ್ರಾಯದ ಸಾರಾಂಶ. ಶ್ರೀಮಂತರು ಪಶ್ಚಿಮದಿಂದಲೂ ಬಡವರು ಪೂರ್ವದಿಂದಲೂ ಬಂದು ಸೇರಬಹುದಾದ ಟ್ರಫಾಲ್ಗರ್ ಚೌಕದಲ್ಲಿಯೇ ಚಿತ್ರಶಾಲೆ ಉಳಿಯಿತು.

ಈ ತೀರ್ಮಾನವು ಜನರಿಗೆ ಲಾಭ, ಚಿತ್ರಗಳಿಗೆ ಅಪಾಯ. ಅಂದಿನಿಂದ ನೇಪಥ್ಯದವರ ಕೆಲಸವೆಲ್ಲವೂ ಈ ತೀರ್ಮಾನದ ಬೆಲೆಯನ್ನು ತೆರುವುದೇ ಆಯಿತು. ದರ್ಶನವಿದ್ದಲ್ಲಿ ಕ್ಷಯವುಂಟು: ಬೆಳಕು ಬಣ್ಣವನ್ನು ಮಂಕುಗೊಳಿಸುವುದು, ಉಸಿರು ಗಾಳಿಯನ್ನು ತೇವಗೊಳಿಸುವುದು, ಚಳಿಗಾಲದಲ್ಲಿ ಕೋಣೆಗಳನ್ನು ಬೆಚ್ಚಗೆ ಮಾಡಿದರೆ ಗಾಳಿ ಒಣಗುವುದು. ದೇವಾಲಯದಲ್ಲಿ ಉತ್ಸವಮೂರ್ತಿಯನ್ನು ಹೊರಗೆ ಬಿಜಯಮಾಡಿಸುವಂತೆ ಇಲ್ಲಿ ಮೂಲವಿಗ್ರಹವನ್ನೇ ದಿನವೂ ಬೀದಿಗೆ ತರಬೇಕು. ಪ್ರತಿನಿಧಿಯಾಗಬಲ್ಲ ಇನ್ನೊಂದು ಮೂರ್ತಿ ಇಲ್ಲ.

೪

ಹಾನಿಯ ಕಾರಣಗಳನ್ನು ಊಹೆಯಿಂದಲ್ಲದೆ ಪ್ರಯೋಗದಿಂದ ತಿಳಿಯುವ ಯತ್ನವು ಇಪ್ಪತ್ತನೆಯ ಶತಮಾನದ್ದು. ಅದಕ್ಕೆ ಪ್ರೇರಣೆ ದೊರೆತುದು ಒಂದು ವಿಪತ್ತಿನಿಂದ. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ತನ್ನ ಕೆಲವು ಪ್ರಾಚೀನ ವಸ್ತುಗಳನ್ನು ವೈಮಾನಿಕ ದಾಳಿಗೆ ಅಂಜಿ ನೆಲದಡಿಯ ಸುರಂಗಗಳಲ್ಲಿ ಇಟ್ಟಿತು. ಬಾಂಬಿನಿಂದ ಅವು ಪಾರಾದುವು. ಆದರೆ ತೇವದಿಂದ ಪಾರಾಗಲಿಲ್ಲ. ಹೊರಗೆ ತೆಗೆದಾಗ ಲೋಹದ ವಸ್ತುಗಳಿಗೆ ಕಿಲುಬು ಹಿಡಿದಿದ್ದಿತು; ಕಲ್ಲು ಮತ್ತು ಮಣ್ಣಿನ ವಸ್ತುಗಳ ಮೇಲೆ ಉಪ್ಪು ಹರಳುಗಟ್ಟಿದ್ದಿತು. ಇದರ ಪರಿಹಾರಕ್ಕಾಗಿ ಅಲೆಗ್ಸಾಂಡರ್ ಸ್ಕಾಟ್ ಎಂಬ ರಸಾಯನಶಾಸ್ತ್ರಜ್ಞರನ್ನು ಕರೆಸಿದರು. ೧೯೨೦ರಲ್ಲಿ ಆ ಮ್ಯೂಸಿಯಂನ ಪ್ರಯೋಗಶಾಲೆ ಹುಟ್ಟಿತು. ನಮಗೆ ಸಮೀಪದ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿಯೂ ೧೯೩೦ರಲ್ಲಿಯೇ ಇಂತಹ ರಸಾಯನ ಪ್ರಯೋಗಶಾಲೆಯೊಂದು ಆರಂಭವಾಗಿ, ಕಂಚಿನ ವಿಗ್ರಹಗಳ ಕಿಲುಬಿಗೆ ಅಲ್ಲಿ ಚಿಕಿತ್ಸೆ ನಡೆಯಿತೆಂಬುದು ಸ್ಮರಣೀಯವಾದ ಸಂಗತಿ.

ರಾಷ್ಟ್ರೀಯ ಚಿತ್ರಶಾಲೆಯಲ್ಲಿ ವಿಜ್ಞಾನ ವಿಭಾಗವು ೧೯೩೪ರಲ್ಲಿ ಸ್ಥಾಪಿತವಾಯಿತು. ಆ ವರ್ಷವೇ ನಿರ್ದೇಶಕ ಪದವಿಯನ್ನು ವಹಿಸಿಕೊಂಡ ಕೆನೆತ್ ಕ್ಲಾರ್ಕ್ ಅವರಿಗೆ ಆಗ ಮೂವತ್ತು ವರ್ಷ. ಇಯಾನ್ ರಾಲಿನ್ಸ್ ಎಂಬ ಭೌತಶಾಸ್ತ್ರಜ್ಞರು ವೈಜ್ಞಾನಿಕ ಸಲಹೆಗಾರರಾಗಿ ಬಂದರು. ಕ್ಷ-ಕಿರಣಗಳಿಂದ ಚಿತ್ರದ ಒಳಪದರಗಳನ್ನು ಕಾಣುವುದು, ಚಿತ್ರಶಾಲೆಯ ಹವೆಯನ್ನು ಅಳೆಯುವುದು ಇವರ ಕೆಲಸ. ಕ್ಷ-ಕಿರಣ ಚಿತ್ರದಲ್ಲಿ ಚಿತ್ರಕಾರನು ಮೊದಲು ಬರೆದು ಆಮೇಲೆ ಬದಲಾಯಿಸಿದ ರೇಖೆಗಳೂ, ಎಷ್ಟೋ ವರ್ಷಗಳ ನಂತರ ಬೇರೊಬ್ಬರು ಸೇರಿಸಿದ ತೇಪೆಗಳೂ ಬೇರೆಬೇರೆಯಾಗಿ ತೋರುವುವು. ಓಲೆಯ ಪ್ರತಿಯಲ್ಲಿ ಕವಿಯ ತಿದ್ದುಪಡಿಯನ್ನೂ ಲಿಪಿಕಾರನ ಸ್ಖಾಲಿತ್ಯವನ್ನೂ ಬೇರ್ಪಡಿಸುವ ವಿವೇಕಕ್ಕೆ ಇದು ಸದೃಶವಾದುದು.

೫

೧೯೩೮ರ ಸೆಪ್ಟೆಂಬರಿನಲ್ಲಿ ಯುದ್ಧದ ಭೀತಿ ಹಬ್ಬಿದಾಗ ಕೆಲವು ಚಿತ್ರಗಳನ್ನು ವೇಲ್ಸ್ ಪ್ರಾಂತಕ್ಕೆ ಕಳುಹಿಸಿ, ಮ್ಯೂನಿಕ್ ಒಪ್ಪಂದವಾದೊಡನೆ ಮರಳಿ ತಂದರು. ಆ ತಾಲೀಮು ವ್ಯರ್ಥವಾಗಲಿಲ್ಲ. ರಾಲಿನ್ಸ್ ಅವರಿಗೆ ರೈಲುಮಾರ್ಗಗಳ ವಿಚಾರದಲ್ಲಿ ಅಪಾರವಾದ ಆಸಕ್ತಿ. ಯಾವ ಪೆಟ್ಟಿಗೆ ಯಾವ ಬಂಡಿಯಲ್ಲಿ ಹೋಗಬೇಕೆಂಬ ಯೋಜನೆಯನ್ನು ಸೂಕ್ಷ್ಮವಾಗಿ ಸಿದ್ಧಪಡಿಸುವುದರಲ್ಲಿ ಅದು ಉಪಯೋಗಕ್ಕೆ ಬಂದಿತು. ೧೯೩೯ರ ಆಗಸ್ಟ್ ೨೩ರಂದು ಚಿತ್ರಶಾಲೆಯನ್ನು ಮುಚ್ಚಿದರು. ಬ್ರಿಟನ್ ಯುದ್ಧವನ್ನು ಘೋಷಿಸಿದುದು ಸೆಪ್ಟೆಂಬರ್ ೩ರಂದು. ಅದರ ಹಿಂದಿನ ದಿನಕ್ಕೆ ಚಿತ್ರಗಳ ಸಾಗಣೆ ಪೂರೈಸಿದ್ದಿತು. ಬ್ಯಾಂಗರಿನ ವಿದ್ಯಾಪೀಠ, ಪೆನ್ರಿನ್ ಕೋಟೆ, ಆಬರಿಸ್ಟ್‌ವಿತ್‌ನಲ್ಲಿರುವ ವೇಲ್ಸಿನ ರಾಷ್ಟ್ರೀಯ ಪುಸ್ತಕಭಂಡಾರ ಮುಂತಾದೆಡೆಗಳಲ್ಲಿ ಅವು ಆಶ್ರಯ ಪಡೆದುವು.

೧೯೪೦ರಲ್ಲಿ ಫ್ರಾನ್ಸ್ ದೇಶವು ಸೋತ ಮೇಲೆ ಜರ್ಮನ್ ವಿಮಾನಗಳು ವೇಲ್ಸಿಗೂ ಬರಬಹುದಾಯಿತು. ಚಿತ್ರಗಳನ್ನು ಕೆನಡಾ ದೇಶಕ್ಕೆ ಕಳುಹಿಸಬೇಕೆಂಬ ಸಲಹೆ ಬಂದಾಗ, ಗುಹೆಗಳಲ್ಲಿಯೋ ನೆಲಮಾಳಿಗೆಗಳಲ್ಲಿಯೋ ಅಡಗಿಸಿರಿ, ಒಂದಾದರೂ ದ್ವೀಪವನ್ನು ಬಿಡಕೂಡದು ಎಂಬ ಅರ್ಥದ ಉತ್ತರವನ್ನು ಪ್ರಧಾನಮಂತ್ರಿ ಚರ್ಚಿಲ್ ಅವರು ಕೊಟ್ಟರು. ಆ ಮಾತು ಅಕ್ಷರಶಃ ನೆರವೇರಿತು. ಉತ್ತರ ವೇಲ್ಸಿನ ಬ್ಲೈನೈ ಫೆಸ್ಟಿನಿಯೋಗ್ ಎಂಬ ಊರಿನ ಬಳಿ ಮಾನೋಡ್ ಬೆಟ್ಟದ ಸ್ಲೇಟುಕಲ್ಲಿನ ಗಣಿಯನ್ನು ಆರಿಸಿದರು. ಗಣಿಯ ಬಾಯಿಯನ್ನು ಸಿಡಿಮದ್ದಿನಿಂದ ಅಗಲಿಸಿದರು. ಒಳಗಿನ ಗುಹಾಂತರಗಳಲ್ಲಿ ಇಟ್ಟಿಗೆಯ ಕಟ್ಟಡಗಳನ್ನೆಬ್ಬಿಸಿ, ಅವುಗಳ ನಡುವೆ ಕಿರುರೈಲಿನ ಹಳಿಗಳನ್ನು ಹಾಸಿದರು. ವ್ಯಾನ್ ಡೈಕ್ ಬರೆದ ಒಂದನೆಯ ಚಾರ್ಲ್ಸ್ ದೊರೆಯ ಅಶ್ವಾರೋಹಿ ಚಿತ್ರವು ಸುಮಾರು ೧೨ ಅಡಿ ಎತ್ತರ, ಒಂಬತ್ತೂವರೆ ಅಡಿ ಅಗಲವುಳ್ಳದು. ಅದನ್ನು ಹೊತ್ತ ಲಾರಿ ದಾರಿಯಲ್ಲಿದ್ದ ರೈಲುಸೇತುವೆಯ ಕೆಳಗೆ ನುಸುಳುವಂತಿರಲಿಲ್ಲ. ಸೇತುವೆಯನ್ನು ಎತ್ತರಿಸುವ ಬದಲು ರಸ್ತೆಯನ್ನೇ ಅಗೆದು ತಗ್ಗಿಸಿದರು. ೧೯೪೧ರ ಬೇಸಗೆಯ ಹೊತ್ತಿಗೆ ಚಿತ್ರಗಳು ಬೆಟ್ಟದೊಳಗೆ ಸೇರಿದುವು.

ಈ ದೂರದೃಷ್ಟಿ ಎಷ್ಟು ಸಾರ್ಥಕವೆಂಬುದಕ್ಕೆ ಟ್ರಫಾಲ್ಗರ್ ಚೌಕವೇ ಸಾಕ್ಷಿ. ೧೯೪೦ರ ಅಕ್ಟೋಬರಿನಿಂದ ೧೯೪೧ರ ಏಪ್ರಿಲ್ ವರೆಗೆ ಚಿತ್ರಶಾಲೆಯ ಕಟ್ಟಡಕ್ಕೆ ಒಂಬತ್ತು ಸಲ ಬಾಂಬು ಬಿದ್ದಿತು. ಆದರೂ ಕಟ್ಟಡವು ನಿರ್ಜನವಾಗಿರಲಿಲ್ಲ. ಮೈರಾ ಹೆಸ್ ಎಂಬ ಪಿಯಾನೋ ವಿದುಷಿಯ ಉದ್ಯಮದಿಂದ ೧೯೩೯ರ ಅಕ್ಟೋಬರಿನಲ್ಲಿ ಆರಂಭವಾದ ಮಧ್ಯಾಹ್ನದ ಸಂಗೀತ ಗೋಷ್ಠಿಗಳು ೧೯೪೬ರ ಏಪ್ರಿಲ್ ವರೆಗೆ ನಡೆದುವು; ಅವುಗಳ ಸಂಖ್ಯೆ ೧,೬೯೮. ಚಿತ್ರಗಳಿಗಾಗಿ ಜನರ ಹಂಬಲ ಹೆಚ್ಚಿದುದರಿಂದ ೧೯೪೨ರಲ್ಲಿ ತಿಂಗಳಿಗೊಂದು ಚಿತ್ರವನ್ನು ವೇಲ್ಸಿನಿಂದ ತರಿಸಿ ತೋರಿಸುವ ಪದ್ಧತಿ ಹುಟ್ಟಿತು. ಟಿಶಿಯನ್ ಬರೆದ, ಪುನರುತ್ಥಾನಗೊಂಡ ಕ್ರಿಸ್ತನು ಮಗ್ದಲೇನಳಿಗೆ ದರ್ಶನ ಕೊಡುವ ಚಿತ್ರವು ಹೀಗೆ ಮೊದಮೊದಲು ಬಂದವುಗಳಲ್ಲೊಂದು. ಕೋಲ್‌ರಿಜ್ ಅವರ ತತ್ತ್ವವನ್ನು ಬಾಂಬುಗಳ ನಡುವೆಯೂ ಜನರು ಮರೆತಿರಲಿಲ್ಲ. ಒಂದು ಚಿತ್ರವನ್ನಾದರೂ ಅಪಾಯಕ್ಕೊಡ್ಡಿ ನೋಡಬೇಕು. ಇಲ್ಲದಿದ್ದರೆ ಉಳಿದವುಗಳ ರಕ್ಷಣೆಗೆ ಅರ್ಥವಿಲ್ಲವೆಂಬುದು ಅವರ ಭಾವನೆಯಾಗಿದ್ದಿರಬೇಕು.

೬

ಗಣಿಯೊಳಗೆ ನಡೆದುದೇ ಪ್ರಕೃತ ವಿಷಯಕ್ಕೆ ಮುಖ್ಯವಾದುದು. ಬೆಟ್ಟದೊಳಗಣ ಗಾಳಿ ತಣ್ಣಗೆ ತೇವವಾಗಿದ್ದಿತು. ಆದರೆ ಅದರ ಸ್ಥಿತಿ ಋತುಗಳಿಗನುಸಾರವಾಗಿ ಹೆಚ್ಚಾಗಿ ಬದಲಾಗುತ್ತಿರಲಿಲ್ಲ. ಗಾಳಿಯನ್ನು ಬೆಚ್ಚಗೆ ಮಾಡಿದರೆ ತೇವವನ್ನು ಹೀರಿಕೊಳ್ಳುವ ಅದರ ಶಕ್ತಿ ಹೆಚ್ಚಿ, ಸಾಪೇಕ್ಷ ಆರ್ದ್ರತೆ ಇಳಿಯುವುದು. ಒಂದು ಉಷ್ಣತೆಯಲ್ಲಿ ಗಾಳಿಯು ಹೊರಬಲ್ಲ ತೇವದಲ್ಲಿ ಶೇಕಡ ಎಷ್ಟು ಭಾಗ ಅದರಲ್ಲಿದೆಯೆಂಬುದೇ ಸಾಪೇಕ್ಷ ಆರ್ದ್ರತೆ. ಗಣಿಯ ಕಟ್ಟಡಗಳಲ್ಲಿ ಉಷ್ಣತೆಯನ್ನು ಫಾರನ್‌ಹೈಟ್ ೬೩ ಡಿಗ್ರಿಗೂ, ಆರ್ದ್ರತೆಯನ್ನು ಶೇಕಡ ೪೨ಕ್ಕೂ ನಿಲ್ಲಿಸಿದರು. ಹಗಲು ರಾತ್ರಿ, ಬೇಸಗೆ ಚಳಿಗಾಲವೆಂಬ ಭೇದವಿಲ್ಲದೆ ಹವೆಯು ಒಂದೇ ಸಮನಾಗಿದ್ದಿತು.

ಇದರ ಪರಿಣಾಮವನ್ನು ತಿಳಿಯಬೇಕಾದರೆ ಹಳೆಯ ಚಿತ್ರದ ರಚನೆಯನ್ನು ನೆನೆಯಬೇಕು. ಇಟಲಿಯ ಪ್ರಾಚೀನರು ಮರದ ಹಲಗೆಯ ಮೇಲೆ ಸುಣ್ಣದಂತಹ ಬಿಳಿಯ ಪುಡಿಯನ್ನೂ ಅಂಟನ್ನೂ ಕಲಸಿ ಲೇಪಿಸಿ, ಅದರ ಮೇಲೆ ಬಣ್ಣವನ್ನಿಡುತ್ತಿದ್ದರು. ತೇವವಾದಾಗ ಹಲಗೆ ಹಿಗ್ಗುವುದು, ಒಣಗಿದಾಗ ಕುಗ್ಗುವುದು. ಬಿಳಿಯ ಲೇಪವೂ ಬಣ್ಣವೂ ಅದನ್ನು ಅನುಸರಿಸಲಾರದೆ ಗುಳ್ಳೆಯೆದ್ದು, ಕೊನೆಗೆ ಚಕ್ಕೆಚಕ್ಕೆಯಾಗಿ ಉದುರುವುವು. ಲಂಡನ್ನಿನಲ್ಲಿ ಇಂತಹ ಗುಳ್ಳೆಗಳನ್ನು ಮತ್ತೆ ಅಂಟಿಸುವುದು ಜೀರ್ಣೋದ್ಧಾರಕರ ನಿತ್ಯದ ಕೆಲಸವಾಗಿದ್ದಿತು. ಗಣಿಯಲ್ಲಿ ಆ ಕೆಲಸವು ಕ್ರಮೇಣ ಕಡಮೆಯಾಗುತ್ತ ಬಂದು ಬಹುಮಟ್ಟಿಗೆ ನಿಂತೇಹೋಯಿತು. ೧೯೪೫ರಲ್ಲಿ ಚಿತ್ರಗಳು ಲಂಡನ್ನಿಗೆ ಮರಳಿದ ಬಳಿಕ ಗುಳ್ಳೆಗಳು ಪುನಃ ಕಾಣಿಸಿಕೊಂಡುವು. ಸುಮಾರು ೨,೦೦೦ ಚಿತ್ರಗಳ ಮೇಲೆ ನಾಲ್ಕು ವರ್ಷ ನಡೆದ ಪ್ರಯೋಗವಿದು. ಇಷ್ಟು ದೊಡ್ಡ ಪ್ರಯೋಗವನ್ನು ಶಾಂತಿಕಾಲದಲ್ಲಿ ಯಾವ ಆಡಳಿತ ಮಂಡಲಿಯೂ ಒಪ್ಪುತ್ತಿರಲಿಲ್ಲ. ಮೊದಲನೆಯ ಯುದ್ಧದ ಸುರಂಗವು ಅನಿಯತವಾದ ತೇವದ ಕೇಡನ್ನು ತೋರಿಸಿತು. ಎರಡನೆಯ ಯುದ್ಧದ ಗಣಿಯು ನಿಯತವಾದ ಹವೆಯ ಗುಣವನ್ನು ತೋರಿಸಿತು. ಅನ್ವಯ ವ್ಯತಿರೇಕಗಳೆರಡರಿಂದಲೂ ಒಂದೇ ತತ್ತ್ವ ಸಿದ್ಧವಾಯಿತು. ಯುದ್ಧಾನಂತರ ಚಿತ್ರಶಾಲೆಯ ಕೋಣೆಗಳಿಗೆ ಒಂದೊಂದಾಗಿ ಹವಾನಿಯಂತ್ರಣವನ್ನು ಅಳವಡಿಸಿದುದು ಈ ತತ್ತ್ವದ ಮೇಲೆಯೇ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ೬೩, ೪೨ ಎಂಬ ಸಂಖ್ಯೆಗಳಲ್ಲಿ ಮಂತ್ರಶಕ್ತಿಯಿಲ್ಲ. ಗುಣವಿದ್ದುದು ಏರಿಳಿತವಿಲ್ಲದಿರುವುದರಲ್ಲಿ. ಮುಂದೆ ಅನೇಕ ಸಂಸ್ಥೆಗಳು ಅತಿಸಂಕುಚಿತವಾದ ಮಿತಿಗಳನ್ನು ನಿಯಮವೆಂದು ಹಿಡಿದು ಯಂತ್ರಗಳಿಗೆ ಅಪಾರವಾದ ವಿದ್ಯುತ್ತನ್ನು ವ್ಯಯಿಸಿದುವು. ದೊಡ್ಡ ಚಿತ್ರಶಾಲೆಗಳ ನಿರ್ದೇಶಕರ ಬೀಜೋ ಕೂಟವು ೨೦೧೪ರ ಸುಮಾರಿಗೆ ಈ ಮಿತಿಯನ್ನು ಸಡಿಲಿಸಿ, ಬಹುಪಾಲು ವಸ್ತುಗಳಿಗೆ ಶೇಕಡ ೪೦ರಿಂದ ೬೦ರವರೆಗಿನ ಆರ್ದ್ರತೆಯು ಸಾಕೆಂದು ಸೂಚಿಸಿತು. ಶಾಸ್ತ್ರವು ರೂಢಿಯಾಗಿ ಮಾರ್ಪಟ್ಟರೆ ಅದನ್ನು ಮತ್ತೆ ಶಾಸ್ತ್ರದಿಂದಲೇ ತಿದ್ದಬೇಕಾಗುವುದೆಂಬುದಕ್ಕೆ ಇದೊಂದು ನಿದರ್ಶನ.

ಗಣಿಯ ಕಾಲದ ಇನ್ನೊಂದು ಫಲವು ಪಾಂಡಿತ್ಯಕ್ಕೆ ಸಂಬಂಧಿಸಿದುದು. ಸಹಾಯಕ ಪಾಲಕರಾಗಿದ್ದ ಮಾರ್ಟಿನ್ ಡೇವಿಸ್ ಎಂಬವರು ಚಿತ್ರಗಳೊಡನೆ ವೇಲ್ಸಿನಲ್ಲಿಯೇ ಉಳಿದು, ಅವುಗಳನ್ನು ಒಂದೊಂದಾಗಿ ಪರೀಕ್ಷಿಸತೊಡಗಿದರು. ನೆದರ್‌ಲೆಂಡ್ಸಿನ ಪ್ರಾಚೀನ ಚಿತ್ರಗಳ ಬಗೆಗೆ ಅವರು ಸಿದ್ಧಪಡಿಸಿದ ವಿವರಣಾತ್ಮಕ ಸೂಚಿ ೧೯೪೫ರಲ್ಲಿಯೂ, ಬ್ರಿಟಿಷ್ ಮತ್ತು ಫ್ರೆಂಚ್ ಚಿತ್ರಗಳ ಸೂಚಿಗಳು ೧೯೪೬ರಲ್ಲಿಯೂ ಪ್ರಕಟವಾದುವು. ಚಿತ್ರದ ಈಗಿನ ಸ್ಥಿತಿ, ಹಾಳಾದ ಭಾಗಗಳು, ಕರ್ತೃತ್ವದ ಬಗೆಗಿನ ವಾದಗಳು, ಯಾರಿಂದ ಯಾರಿಗೆ ಕೈಬದಲಾಯಿತೆಂಬ ಪರಂಪರೆ, ಇವನ್ನೆಲ್ಲ ಆಧಾರಸಹಿತವಾಗಿ ಹೇಳಿ, ಸ್ತುತಿವಾಕ್ಯಗಳಿಗೆ ಎಡೆಗೊಡದ ಅವರ ಕ್ರಮವು ಅನಂತರದ ಸೂಚಿಗಳಿಗೆಲ್ಲ ಮಾದರಿಯಾಯಿತು. ಡೇವಿಸ್ ಅವರು ಮುಂದೆ ೧೯೬೮ರಿಂದ ೧೯೭೩ರವರೆಗೆ ನಿರ್ದೇಶಕರಾಗಿದ್ದರು. ಜನರು ಚಿತ್ರಗಳನ್ನು ಕಾಣದಿದ್ದ ವರ್ಷಗಳಲ್ಲಿಯೇ ಚಿತ್ರಗಳ ಬಗೆಗಿನ ತಿಳಿವು ಅತ್ಯಂತ ಬೆಳೆದುದು ವಿಚಿತ್ರವಾದರೂ ಸತ್ಯ.

೭

ಯುದ್ಧಕಾಲದಲ್ಲಿ ಹಲವು ಚಿತ್ರಗಳನ್ನು ತೊಳೆದಿದ್ದರು. ೧೯೩೩ರಲ್ಲಿ ಬರ್ಲಿನ್ನಿನಿಂದ ಇಂಗ್ಲೆಂಡಿಗೆ ವಲಸೆಬಂದಿದ್ದ ಹೆಲ್ಮಟ್ ರೂಹೆಮನ್ ಎಂಬವರು ಈ ಕೆಲಸ ಮಾಡಿದವರಲ್ಲಿ ಪ್ರಮುಖರು. ಅವು ಗೋಡೆಗೇರಿದಾಗ, ನೂರು ವರ್ಷಗಳ ಹಿಂದಿನ ಕೋಲಾಹಲವೇ ಮರುಕಳಿಸಿತು. ‘ಟೈಮ್ಸ್’ ಪತ್ರಿಕೆಯಲ್ಲಿಯೇ ಪತ್ರಗಳು ಬಂದುವು. ಕಂದುಬಣ್ಣಕ್ಕೆ ಒಗ್ಗಿದ್ದ ಕಣ್ಣುಗಳಿಗೆ ನೀಲಿ ಹಸುರುಗಳು ಕಟುವಾಗಿ ತೋರಿದುವು. ವಾರ್ನಿಷಿನೊಡನೆ ಚಿತ್ರಕಾರನ ಅಂತಿಮ ಸೂಕ್ಷ್ಮ ಲೇಪಗಳೂ ಹೋಗಿರಬಹುದೆಂಬ ಶಂಕೆ ಕೇವಲ ಅಜ್ಞಾನದಿಂದ ಹುಟ್ಟಿದುದಲ್ಲ. ಅದನ್ನು ಎತ್ತಿದವರಲ್ಲಿ ಬಲ್ಲವರೂ ಇದ್ದರು.

ಆದರೆ ಈ ಸಲದ ಉತ್ತರವು ೧೮೪೬ರ ಉತ್ತರದಂತಿರಲಿಲ್ಲ. ೧೯೪೬ರಲ್ಲಿ ನಿರ್ದೇಶಕರಾಗಿ ಬಂದ ಫಿಲಿಪ್ ಹೆಂಡಿ ಅವರು ೧೯೪೭ರಲ್ಲಿ ತೊಳೆದ ಚಿತ್ರಗಳದೇ ಒಂದು ಪ್ರದರ್ಶನವನ್ನು ಏರ್ಪಡಿಸಿ, ತೊಳೆಯುವುದಕ್ಕೆ ಮುಂಚಿನ ಮತ್ತು ತೊಳೆಯುವಾಗಿನ ಛಾಯಾಚಿತ್ರಗಳನ್ನೂ ವಿವರಣೆಗಳನ್ನೂ ಜನರ ಮುಂದಿಟ್ಟರು. ಆಕ್ಸ್‌ಫರ್ಡಿನ ವೀವರ್ ಅವರ ಅಧ್ಯಕ್ಷತೆಯಲ್ಲಿ, ಅಮೆರಿಕದ ಜಾರ್ಜ್ ಸ್ಟೌಟ್ ಮತ್ತು ಬೆಲ್ಜಿಯಂ ದೇಶದ ಪಾಲ್ ಕೋರ್‌ಮಾನ್ಸ್ ಎಂಬ ತಜ್ಞರನ್ನೊಳಗೊಂಡ ಸಮಿತಿಯು ಪರಿಶೀಲನೆ ನಡೆಸಿ, ಇತ್ತೀಚಿನ ತೊಳೆಯುವಿಕೆಯಿಂದ ಚಿತ್ರಗಳಿಗೆ ಹಾನಿಯಾಗಿಲ್ಲವೆಂದು ೧೯೪೮ರಲ್ಲಿ ಅಭಿಪ್ರಾಯವಿತ್ತಿತು. ಇದರಿಂದ ವಿವಾದವು ಮುಗಿಯಲಿಲ್ಲ. ೧೯೬೭ರಿಂದ ೧೯೬೯ರವರೆಗೆ ಟಿಶಿಯನ್ನನ ‘ಬ್ಯಾಕಸ್ ಮತ್ತು ಅರಿಯಾಡ್ನೆ’ಯನ್ನು ತೊಳೆದಾಗ, ಅದರ ಆಕಾಶದ ಉಜ್ಜ್ವಲವಾದ ನೀಲಿಯನ್ನು ಕಂಡು ಮತ್ತೆ ಚರ್ಚೆ ನಡೆಯಿತು. ಆ ಪಟವನ್ನು ಹಿಂದಿನ ಕಾಲದಲ್ಲಿ ಸುರುಳಿ ಸುತ್ತಿದುದರಿಂದ ಬಣ್ಣವು ಚಕ್ಕೆಯೇಳುತ್ತಿದ್ದಿತು. ಚಿಕಿತ್ಸೆಯಿಲ್ಲದೆ ಬಿಡುವಂತೆಯೂ ಇರಲಿಲ್ಲ.

ಎರಡು ಕಾಲಗಳಿಗೂ ಭೇದವೇನು? ಅಭಿರುಚಿಯ ಭೇದ ಹಾಗೆಯೇ ಉಳಿಯಿತು, ಅದು ಉಳಿಯತಕ್ಕದ್ದೇ. ಮೊದಲ ವಿವಾದದಲ್ಲಿ ಎರಡು ಪಕ್ಷಗಳೂ ಆಣೆಯಿಟ್ಟು ಮಾತನಾಡಿದುವು. ಎರಡನೆಯದರಲ್ಲಿ ದಾಖಲೆಯನ್ನಿಟ್ಟು ಮಾತನಾಡಿದುವು. ಛಾಯಾಚಿತ್ರ, ಬಣ್ಣದ ಪದರದ ಸೂಕ್ಷ್ಮಪರೀಕ್ಷೆ, ಬಳಸಿದ ದ್ರಾವಣದ ವಿವರ, ಇವು ಎದುರಿಗಿದ್ದಾಗ ಆಕ್ಷೇಪಿಸುವವನಿಗೂ ನಿಲ್ಲಲು ನೆಲ ದೊರೆಯುವುದು. ಚಿತ್ರಶಾಲೆಯು ತನ್ನ ತಾಂತ್ರಿಕ ಸಂಶೋಧನೆಗಳನ್ನು ೧೯೭೭ರಿಂದ ಪ್ರತ್ಯೇಕ ಪತ್ರಿಕೆಯಾಗಿಯೇ ಪ್ರಕಟಿಸುತ್ತಿರುವುದು ಈ ಕ್ರಮದ ಪರಿಪಾಕ.

೮

ಮೇಲಣ ಸಂಗತಿಗಳಿಂದ ನಾವು ಗ್ರಹಿಸಬಹುದಾದ ತತ್ತ್ವವು ಚಿತ್ರಗಳಿಗೆ ಮಾತ್ರ ಸೀಮಿತವಾದುದಲ್ಲ. ನಮ್ಮ ಮಠಗಳಲ್ಲಿಯೂ ಮನೆಗಳಲ್ಲಿಯೂ ಪುಸ್ತಕಭಂಡಾರಗಳಲ್ಲಿಯೂ ಇರುವ ಓಲೆಯ ಪ್ರತಿಗಳು ಹಲಗೆಯ ಚಿತ್ರಗಳಂತೆಯೇ ಹವೆಗೆ ಅಧೀನವಾದುವು. ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು, ಬೇಸಗೆಯಲ್ಲಿ ಗರಿ ಸೀಳುವುದು ನಮಗೆ ಹೊಸತಲ್ಲ. ಎರಡು ಹಲಗೆಗಳ ನಡುವೆ ಬಿಗಿದು,ಬಟ್ಟೆಯಲ್ಲಿ ಸುತ್ತಿ, ಆಗಾಗ ಎಣ್ಣೆಯನ್ನು ಸವರಿ ಕಾಪಾಡಿದ ಪೂರ್ವಿಕರಿಗೆ ಸಾಪೇಕ್ಷ ಆರ್ದ್ರತೆಯೆಂಬ ಪದವು ತಿಳಿಯದಿದ್ದರೂ ಅದರ ಏರಿಳಿತವನ್ನು ತಡೆಯುವ ಬಗೆ ತಿಳಿದಿದ್ದಿತು. ಓಲೆಯ ಕಟ್ಟನ್ನು ಬಿಚ್ಚಿ ಓದದಿದ್ದರೆ ಕೃತಿಯಿಲ್ಲ. ಪದೇಪದೇ ಬಿಚ್ಚಿದರೆ ಓಲೆಯಿಲ್ಲ. ಕೋಲ್‌ರಿಜ್ ಅವರ ಪ್ರಶ್ನೆ ಇಲ್ಲಿಯೂ ನಿಂತಿದೆ.

ಗ್ರಂಥಸಂಪಾದಕನು ಪಾಠವನ್ನು ತಿದ್ದುವಾಗ ಮಾಡುವುದೂ ಒಂದು ತೊಳೆಯುವಿಕೆಯೇ. ಲಿಪಿಕಾರರ ಕೈಗಳಿಂದ ಅಂಟಿದುದನ್ನು ತೆಗೆದು ಕವಿಯ ಬಣ್ಣವನ್ನು ತೋರಿಸುವೆನೆಂದು ಅವನು ಹೊರಡುತ್ತಾನೆ. ಆ ಉದ್ದೇಶದಲ್ಲಿ ಅವನು ಕವಿಯ ಸೂಕ್ಷ್ಮ ಲೇಪವನ್ನೇ ಅಳಿಸಿದರೆ? ಚಿತ್ರಶೋಧಕನಿಗಿಂತ ಅವನಿಗೊಂದು ಅನುಕೂಲವುಂಟು. ತೊಳೆದ ವಾರ್ನಿಷು ಮರಳಿ ಬಾರದು. ಬಿಟ್ಟ ಪಾಠವನ್ನು ಅಡಿಟಿಪ್ಪಣಿಯಲ್ಲಿ ಉಳಿಸಿಕೊಳ್ಳಬಹುದು. ಈ ಅನುಕೂಲವಿದ್ದೂ ಪಾಠಾಂತರಗಳನ್ನು ಕೊಡದೆ, ಯಾವ ಪ್ರತಿಯನ್ನು ಏತಕ್ಕೆ ನಂಬಿದೆನೆಂದು ಹೇಳದೆ ಮುದ್ರಿಸುವ ಸಂಪಾದಕನು ೧೮೪೬ರ ಪಾಲಕನ ಸ್ಥಿತಿಯಲ್ಲಿಯೇ ಇರುತ್ತಾನೆ. ಅವನ ಕೆಲಸ ಸಮರ್ಪಕವಾಗಿಯೇ ಇರಬಹುದು. ಸಮರ್ಪಕವೆಂದು ತೋರಿಸುವ ಸಾಧನ ಮಾತ್ರ ಅವನ ಬಳಿಯಿಲ್ಲ.

ರಾಷ್ಟ್ರೀಯ ಚಿತ್ರಶಾಲೆಯ ಸಂಗ್ರಹದಲ್ಲಿ ಇಂದು ೨,೩೦೦ಕ್ಕೂ ಹೆಚ್ಚು ಚಿತ್ರಗಳಿವೆ. ಅವುಗಳ ಮುಂದೆ ನಿಂತವನಿಗೆ ಮಾನೋಡ್ ಗಣಿಯಾಗಲಿ, ಸಮಿತಿಗಳ ವರದಿಗಳಾಗಲಿ ನೆನಪಾಗಬೇಕಾದ ಅಗತ್ಯವಿಲ್ಲ. ಚಿತ್ರವು ಕಂಡರೆ ಸಾಕು. ಆದರೆ ನೋಡಲು ಬಯಸಿದವನಿಗೆ ನೇಪಥ್ಯದ ಬಾಗಿಲು ತೆರೆದಿರಬೇಕು, ಅಲ್ಲಿ ನಡೆದುದಕ್ಕೆ ಬರಹವಿರಬೇಕು. ಒಂದು ಶತಮಾನದ ವಿವಾದಗಳಿಂದಲೂ ಒಂದು ಮಹಾಯುದ್ಧದಿಂದಲೂ ಆ ಸಂಸ್ಥೆಯು ಕಲಿತ ಪಾಠವಿದು. ನಮ್ಮ ಭಂಡಾರಗಳ ಪಾಲಕರೂ ಪ್ರಾಚೀನ ಕೃತಿಗಳ ಸಂಪಾದಕರೂ ಇದನ್ನು ವಿವಾದವಿಲ್ಲದೆ, ಯುದ್ಧವಿಲ್ಲದೆ ಅಂಗೀಕರಿಸಬಹುದು.